ಸುಕ್ರಜ್ಜಿಯ ಹಾಡಿಗೆ ಪದ್ಮಶ್ರೀ ಸಿಕ್ಕಿತು, ಸಾಕ್ಷಿಯ ಬೆಲೆ ಯಾಕೆ ಸಿಗಲಿಲ್ಲ?

2024ರ ಡಿಸೆಂಬರ್ 16ರಂದು ಅಂಕೋಲಾ ತಾಲೂಕಿನ ಹೊನ್ನಳ್ಳಿಯಲ್ಲಿ ತುಳಸಿ ಗೌಡ ತೀರಿಕೊಂಡರು. ಎರಡು ತಿಂಗಳು ತುಂಬುವ ಮೊದಲೇ, 2025ರ ಫೆಬ್ರವರಿ 13ರಂದು, ಅದೇ ತಾಲೂಕಿನ ಬಡಿಗೇರಿಯಲ್ಲಿ ಸುಕ್ರಿ ಬೊಮ್ಮಗೌಡ ಹೋದರು. ಒಬ್ಬರು ಮರ ಬೆಳೆಸಿದವರು, ಇನ್ನೊಬ್ಬರು ಹಾಡು ಉಳಿಸಿದವರು. ಇಬ್ಬರೂ ಹಾಲಕ್ಕಿ ಒಕ್ಕಲಿಗರು. ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ಇಬ್ಬರ ಸಾವಿಗೂ ಸಂತಾಪದ ಸಂದೇಶಗಳು ಸಾಲುಗಟ್ಟಿದವು, ಕೊರಳ ತುಂಬ ಮಣಿಸರ ತೊಟ್ಟ ಫೋಟೊಗಳು ಎಲ್ಲರ ಸ್ಟೇಟಸ್‌ಗಳಲ್ಲಿ ಓಡಾಡಿದವು.

ಸುಕ್ರಜ್ಜಿಯ ಬಗ್ಗೆ ಬಂದ ಸಂದೇಶಗಳಲ್ಲಿ ಒಂದು ಪದ ಮತ್ತೆ ಮತ್ತೆ ಕಾಣಿಸಿತು: ಕೋಗಿಲೆ. ಜಾನಪದ ಕೋಗಿಲೆ, ಹಾಲಕ್ಕಿ ಕೋಗಿಲೆ, ಹಾಡುವ ಕೋಗಿಲೆ. ಪ್ರೀತಿಯಿಂದಲೇ ಬರೆದದ್ದು, ಅನುಮಾನ ಬೇಡ. ಆದರೆ ಕೋಗಿಲೆಗೆ ಒಂದು ಅನುಕೂಲ ಇದೆ ನೋಡಿ. ಅದು ಏನು ಹೇಳುತ್ತಿದೆ ಅಂತ ಯಾರೂ ಕೇಳಬೇಕಾಗಿಲ್ಲ. ದನಿ ಇಂಪಾಗಿದ್ದರೆ ಸಾಕು.

ಸುಕ್ರಜ್ಜಿ ಬದುಕಿಡೀ ಏನೋ ಹೇಳುತ್ತಲೇ ಇದ್ದರು. ಸಾರಾಯಿ ನಿಲ್ಲಿಸಿ ಅಂದರು. ನಮ್ಮ ಜನರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂದರು. ಅವರು ಹೋದ ಮೇಲೂ ಹಾಲಕ್ಕಿಗಳು ಎಸ್‌ಟಿ ಪಟ್ಟಿಯ ಹೊರಗೇ ಇದ್ದಾರೆ. ಕುಮಟಾ, ಹೊನ್ನಾವರದ ಕಾಡಂಚಿನ ಕೊಪ್ಪಗಳಲ್ಲಿ ತಲೆಮಾರುಗಳಿಂದ ಇರುವ ಕುಟುಂಬಗಳು ಸರ್ಕಾರದ ಭಾಷೆಯಲ್ಲಿ ಇವತ್ತಿಗೂ ‘ಅತಿಕ್ರಮಣದಾರರು’. ಅವರ ಹಾಡಿಗೆ ರಾಷ್ಟ್ರಪತಿ ಭವನದಲ್ಲಿ ಪದಕ ಸಿಗುತ್ತದೆ. ಅದೇ ಹಾಡು ಹುಟ್ಟಿದ ನೆಲದಲ್ಲಿ ‘ನೀವು ಇಲ್ಲಿಯವರು ಅನ್ನೋದಕ್ಕೆ ದಾಖಲೆ ಎಲ್ಲಿ’ ಎಂಬ ಪ್ರಶ್ನೆ ಎದುರಾಗುತ್ತದೆ.

ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಬೇಕು. ಹಾಡನ್ನು ಕಲೆ ಅಂತ ಮೆಚ್ಚಿಕೊಂಡು ಸಾಕ್ಷಿಯಾಗಿ ಒಪ್ಪದೇ ಇರುವುದು ಬರೀ ಸಾಂಸ್ಕೃತಿಕ ಮರೆವಲ್ಲ, ಅದೊಂದು ರಾಜಕಾರಣ.

ಕೋಗಿಲೆ ಅಂದವರು ಕವಿ ಅನ್ನಲಿಲ್ಲ

ಸುಕ್ರಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಹಾಡು ಅಮ್ಮನಿಂದ ಬಂತು. ಎಳೆ ಹರೆಯದಲ್ಲಿ ಮದುವೆಯಾಯಿತು. ಹೆತ್ತ ಎರಡು ಮಕ್ಕಳು ಕೂಸಾಗಿದ್ದಾಗಲೇ ಹೋದವು. ಸಾಕಿದ ಮಗನನ್ನು ಕುಡಿತ ತಿಂದು ಹಾಕಿತು. ಬಡಿಗೇರಿಯಲ್ಲಿ ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಅವರು ನಿಂತದ್ದು ಯಾವುದೋ ಪುಸ್ತಕ ಓದಿ ಅಲ್ಲ. ರಾಜ್ಯದಲ್ಲಿ ಸಾರಾಯಿ ನಿಷೇಧ ಬಂದದ್ದು 2007ರ ಜುಲೈನಲ್ಲಿ. ಅದಕ್ಕೂ ಬಹಳ ಮೊದಲೇ ಇಂಥ ಊರುಗಳ ಹೆಂಗಸರು ಬೀದಿಗಿಳಿದಿದ್ದರು ಅನ್ನುವುದನ್ನು ನಾವು ನೆನಪಿಟ್ಟುಕೊಳ್ಳುವುದು ಕಡಿಮೆ.

ಸರ್ಕಾರಿ ಅಧಿಕಾರಿಗಳ ಕಣ್ಣಿಗೆ ಅವರು ಬಿದ್ದದ್ದು 1980ರ ದಶಕದ ಕೊನೆಗೆ. ಆಮೇಲೆ ವೇದಿಕೆಗಳು, ಆಕಾಶವಾಣಿ, ವಿಶ್ವವಿದ್ಯಾಲಯದ ಧ್ವನಿಮುದ್ರಣ, ಜಾನಪದಶ್ರೀ, ನಾಡೋಜ, ಕೊನೆಗೆ 2017ರಲ್ಲಿ ಪದ್ಮಶ್ರೀ. ಅವರಿಗೆ ಬರುತ್ತಿದ್ದ ಹಾಡುಗಳ ಲೆಕ್ಕ ಸಾವಿರಗಳಲ್ಲಿ ಅಂತ ಪತ್ರಿಕೆಗಳು ಬರೆದವು. ಯಾವತ್ತೂ ಎಣಿಕೆಯೇ ಸುದ್ದಿ. ಯಾವ ಹಾಡು, ಯಾವ ಕೆಲಸದ್ದು, ಯಾವ ಗದ್ದೆಯದ್ದು, ಅದರಲ್ಲಿ ಯಾರ ಹೆಸರಿದೆ ಎಂದು ವಿಚಾರಿಸಿದ ವರದಿಗಳನ್ನು ಹುಡುಕಬೇಕು.

‘ಅವರು ಹಾಡು ಕಟ್ಟಿದವರಲ್ಲ, ಹಿಂದಿನವರ ಹಾಡನ್ನು ನೆನಪಿಟ್ಟವರು, ಹಾಗಾಗಿ ಕವಿ ಅಲ್ಲ’ ಅಂತ ಯಾರಾದರೂ ಅನ್ನಬಹುದು. ಬಾಯಿಪಾಠದ ಕಾವ್ಯ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದವರ ಮಾತು ಇದು. ಯುಗೊಸ್ಲಾವಿಯಾದ ಹಳ್ಳಿ ಗಾಯಕರನ್ನು ಕೇಳಿಸಿಕೊಂಡ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಇದನ್ನು ದಶಕಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಬರಹವಿಲ್ಲದ ಗಾಯಕ ಒಂದು ಪಠ್ಯವನ್ನು ಒಪ್ಪಿಸುವುದಿಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುತ್ತಾನೆ. ಸಿದ್ಧ ನುಡಿಗಟ್ಟುಗಳು ಪರಂಪರೆಯವು, ಆ ಹೊತ್ತಿನ ಜೋಡಣೆ ಅವನದು. ಗದ್ದೆ ನೆಟ್ಟಿಯಲ್ಲಿ, ಮದುವೆ ಚಪ್ಪರದಲ್ಲಿ, ಬೀಸುಕಲ್ಲಿನ ಮುಂದೆ ಹಾಡಿದ ನಮ್ಮ ಕರಾವಳಿಯ ಹೆಂಗಸರ ವಿಷಯದಲ್ಲಿ ಇದು ಬೇರೆ ಆಗಲು ಕಾರಣ ಇಲ್ಲ.

ಇದೇ ಕರಾವಳಿಯಲ್ಲಿ ಬರೆಯುವ ಹೆಣ್ಣುಮಕ್ಕಳೂ ಇದ್ದಾರೆ. ಹೊನ್ನಾವರ ತಾಲೂಕಿನ ಕವಲಕ್ಕಿಯಲ್ಲಿ ವೈದ್ಯೆಯಾಗಿದ್ದುಕೊಂಡೇ ಕವಿತೆ, ಕಾದಂಬರಿ, ಲೇಖನ ಬರೆಯುವ ಎಚ್.ಎಸ್. ಅನುಪಮಾ ಅವರನ್ನು ಯಾರೂ ಕೋಗಿಲೆ ಅನ್ನುವುದಿಲ್ಲ. ಅವರ ಮಾತಿಗೆ ಓದುಗರು ಒಪ್ಪುತ್ತಾರೆ, ಇಲ್ಲವೇ ಜಗಳ ಆಡುತ್ತಾರೆ. ಲೇಖಕಿಗೆ ಸಿಗುವ ಗೌರವ ಅಂದರೆ ಅದೇ: ಆಕೆಯ ಮಾತನ್ನು ಮಾತು ಅಂತ ತೆಗೆದುಕೊಳ್ಳುವುದು. ಅಕ್ಷರ ಬಾರದ ಕವಿಗೆ ಆ ಗೌರವ ಸಿಗಲಿಲ್ಲ.

ಸಂಗ್ರಹದ ಚರಿತ್ರೆಯಲ್ಲೂ ಇದೇ ಕತೆ. ಕುಮಟೆಯ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ಅವರಂಥ ವಿದ್ವಾಂಸರು ಈ ಜಿಲ್ಲೆಯ ಹಾಡುಗಳನ್ನು ಮನೆ ಮನೆ ತಿರುಗಿ ಬರೆದುಕೊಳ್ಳದೇ ಹೋಗಿದ್ದರೆ ಎಷ್ಟೋ ಹಾಡುಗಳು ಮಣ್ಣಾಗುತ್ತಿದ್ದವು. ಆ ಋಣ ದೊಡ್ಡದು. ಆದರೆ ಜಾನಪದ ಎಂಬ ಶಾಸ್ತ್ರದ ಅಭ್ಯಾಸವೇ ಹೀಗಿದೆ: ಪುಸ್ತಕದ ಬೆನ್ನ ಮೇಲೆ ಸಂಗ್ರಾಹಕರ ಹೆಸರು ಇರುತ್ತದೆ, ಹಾಡಿದವಳು ‘ಜನಪದ’ದೊಳಗೆ ಕರಗಿ ಹೋಗುತ್ತಾಳೆ.

ಕೊರಿಯಾದಲ್ಲೂ ಇಂಥದೇ ಒಂದು ಪದ ಇತ್ತು

ಹೆಣ್ಣಿನ ಕಾವ್ಯವನ್ನು ಹೊಗಳುತ್ತಲೇ ಪಕ್ಕಕ್ಕೆ ಸರಿಸುವ ಕಲೆ ನಮ್ಮದೊಂದೇ ಅಲ್ಲ. ದಕ್ಷಿಣ ಕೊರಿಯಾದಲ್ಲಿ ಬರೆಯುವ ಹೆಣ್ಣುಮಕ್ಕಳಿಗೆ ‘ಯೊರ್ಯು ಸಿಯಿನ್’ ಅನ್ನುತ್ತಿದ್ದರು. ಹೆಣ್ಣು ಬಗೆಯ ಕವಿ ಅಂತ ಇಟ್ಟುಕೊಳ್ಳಿ. ಗಂಡಸು ಬರೀ ಕವಿ, ಹೆಣ್ಣು ಮಾತ್ರ ಹೆಣ್ಣು ಕವಿ. ಮೆದುವಾಗಿ, ಚೆಂದವಾಗಿ, ವಿರಹದ ಬಗ್ಗೆ ಬರೆದರೆ ಸರಿ. ಈ ಚೌಕಟ್ಟನ್ನು ಮುರಿದವರಲ್ಲಿ ಕಿಮ್ ಹ್ಯೇಸೂನ್ ಪ್ರಮುಖರು. ಹುಟ್ಟಿದ್ದು 1955ರಲ್ಲಿ, ಉಲ್ಜಿನ್ ಎಂಬ ಕಡಲ ತಡಿಯ ಊರಲ್ಲಿ. 1979ರಲ್ಲಿ ಅವರ ಕವಿತೆಗಳು ಪ್ರಕಟವಾಗತೊಡಗಿದವು. ಮಿಲಿಟರಿ ಆಡಳಿತದ ದಿನಗಳಲ್ಲಿ ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿದ್ದಾಗ, ಪುಸ್ತಕವೊಂದರ ವಿಚಾರದಲ್ಲಿ ಬಾಯಿ ಬಿಡಲಿಲ್ಲ ಅಂತ ಪೊಲೀಸರಿಂದ ಕಪಾಳಕ್ಕೆ ಏಳು ಏಟು ತಿಂದವರು. 1997ರಲ್ಲಿ ಕಿಮ್ ಸು-ಯೊಂಗ್ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು. 2014ರ ಸೆವೋಲ್ ಹಡಗು ದುರಂತದಲ್ಲಿ 304 ಮಂದಿ ಸತ್ತರು, ಹೆಚ್ಚಿನವರು ಶಾಲಾ ಮಕ್ಕಳು. ಆ ಸಾವುಗಳ ನೆರಳಲ್ಲಿ ಅವರು 49 ಕವಿತೆಗಳ ಸಂಕಲನ ಬರೆದರು. ಡಾನ್ ಮೀ ಚೊಯ್ ಮಾಡಿದ ಅದರ ಇಂಗ್ಲಿಷ್ ಅನುವಾದಕ್ಕೆ 2019ರಲ್ಲಿ ಕೆನಡಾದ ಗ್ರಿಫಿನ್ ಪ್ರಶಸ್ತಿ ಬಂತು.

ನಮಗೆ ಇಲ್ಲಿ ಮುಖ್ಯವಾದದ್ದು ಪ್ರಶಸ್ತಿಯಲ್ಲ. ಇಷ್ಟು ಆಧುನಿಕಳಾದ, ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಕವಿ ತನ್ನ ಕಾವ್ಯದ ಬೇರು ಎಲ್ಲಿದೆ ಅಂತ ಹುಡುಕಿದಾಗ ಸಿಕ್ಕಿದ್ದು ಯಾವುದೋ ಹಳೆಯ ಮಹಾಕವಿಯಲ್ಲ, ‘ಮುದಾಂಗ್’ ಎಂಬ ಹೆಣ್ಣು ಪೂಜಾರಿಗಳು ಹಾಡುವ ಬಾರಿ ರಾಜಕುಮಾರಿಯ ಕತೆ. ಏಳನೆಯದೂ ಹೆಣ್ಣಾಯಿತೆಂದು ಅಪ್ಪ ಅಮ್ಮ ಬಿಸಾಡಿದ ಮಗು ಬಾರಿ. ಮುಂದೆ ಅದೇ ಅಪ್ಪ ಅಮ್ಮನನ್ನು ಬದುಕಿಸಲು ಸತ್ತವರ ಲೋಕಕ್ಕೆ ಹೋಗಿ ಜೀವಜಲ ತರುತ್ತಾಳೆ. ಅರ್ಧ ರಾಜ್ಯ ಕೊಡುತ್ತೇವೆ ಅಂದರೆ ಬೇಡ ಅನ್ನುತ್ತಾಳೆ, ಸತ್ತವರಿಗೆ ದಾರಿ ತೋರುವ ಕೆಲಸ ಆರಿಸಿಕೊಳ್ಳುತ್ತಾಳೆ. ಓದು ಬಾರದ ಹೆಂಗಸರು ಶತಮಾನಗಳ ಕಾಲ ಹಾಡಿಕೊಂಡು ಬಂದದ್ದು ಅದು. ಹೆಣ್ಣಾಗಿ ಕವಿತೆ ಮಾಡುವುದು ಅಂದರೇನು ಎಂದು ವಿವರಿಸಲು ಕಿಮ್ ಹ್ಯೇಸೂನ್ ಈ ಕತೆಯನ್ನೇ ಹಿಡಿದುಕೊಂಡರು.

ಕೊರಿಯಾ ಸರ್ಕಾರ ಈ ಹಾಡುವ ಹೆಂಗಸರಿಗೆ ಏನು ಮಾಡಿತು ನೋಡಿ. 1970ರ ದಶಕದಲ್ಲಿ ಗ್ರಾಮೋದ್ಧಾರದ ಹೆಸರಲ್ಲಿ ‘ಮೂಢನಂಬಿಕೆ ತೊಲಗಿಸಿ’ ಅಭಿಯಾನ ನಡೆದಾಗ ಅವರ ಗುಡಿಗಳನ್ನು ಒಡೆಸಿತು, ಆಚರಣೆ ನಿಲ್ಲಿಸಿತು. ಆಮೇಲೆ ಅದೇ ಸರ್ಕಾರ ಅವರಲ್ಲಿ ಆಯ್ದ ಕೆಲವರನ್ನು ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತು ಅಂತ ಘೋಷಿಸಿ ವೇದಿಕೆ ಹತ್ತಿಸಿತು. ಹಾಡು ವೇದಿಕೆಯ ಮೇಲಿದ್ದರೆ ಸಂಪತ್ತು, ಊರಲ್ಲಿದ್ದರೆ ತೊಂದರೆ. ಬಡಿಗೇರಿಯಿಂದ ನೋಡಿದರೆ ಇದು ಪರಿಚಯದ ಕತೆ.

1930 ಎಂಬ ಗೋಡೆ

ಈಗ ಕಾನೂನಿಗೆ ಬರೋಣ. ಹಾಡು ಮತ್ತು ನೆಲದ ಸಂಬಂಧ ಭಾವುಕ ಮಾತಲ್ಲ ಅಂತ ಇಲ್ಲಿ ಗೊತ್ತಾಗುತ್ತದೆ.

2006ರ ಅರಣ್ಯ ಹಕ್ಕು ಕಾಯ್ದೆ ಕಾಡಲ್ಲಿ ಬದುಕುವವರನ್ನು ಎರಡು ಗುಂಪು ಮಾಡುತ್ತದೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿ ಇದ್ದೆವು ಅಂತ ತೋರಿಸಬೇಕು. ಪಟ್ಟಿಯಲ್ಲಿ ಇಲ್ಲದವರು ‘ಇತರೆ ಪಾರಂಪರಿಕ ಅರಣ್ಯವಾಸಿಗಳು’. ಇವರು ಅದೇ ದಿನಾಂಕದಿಂದ ಹಿಂದಕ್ಕೆ ಮೂರು ತಲೆಮಾರು ಎಣಿಸಬೇಕು. ತಲೆಮಾರಿಗೆ 25 ವರ್ಷದಂತೆ 75 ವರ್ಷ. ಅಂದರೆ 1930.

ಭಟ್ಕಳದ ಗೊಂಡರು ಎಸ್‌ಟಿ ಪಟ್ಟಿಯಲ್ಲಿದ್ದಾರೆ. ಘಟ್ಟದ ಮೇಲಿನ ಸಿದ್ದಿಗಳು 2003ರಲ್ಲಿ ಸೇರಿದರು. ಹಾಲಕ್ಕಿಗಳು ಹಿಂದುಳಿದ ವರ್ಗಗಳ ಪಟ್ಟಿಯಲ್ಲೇ ಉಳಿದಿದ್ದಾರೆ. ಅದೇ ಘಟ್ಟದ ಬುಡ, ಅದೇ ಬೆಟ್ಟದ ಸೊಪ್ಪು, ಅದೇ ದರಕು. ಆದರೆ ಒಬ್ಬರಿಗೆ ಕೇಳುವ ವರ್ಷ 2005, ಇನ್ನೊಬ್ಬರಿಗೆ 1930.

1930ರಲ್ಲಿ ಈ ಕರಾವಳಿ ಎಲ್ಲಿತ್ತು? ಬ್ರಿಟಿಷರ ಮುಂಬೈ ಪ್ರಾಂತ್ಯದ ಕೆನರಾ ಜಿಲ್ಲೆಯಲ್ಲಿ. ಅದೇ ವರ್ಷ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಊರಿಗೆ ಊರೇ ಚರಿತ್ರೆಯಲ್ಲಿ ದಾಖಲಾಯಿತು. ಆದರೆ ಗದ್ದೆ ಕೆಲಸದ ಹಾಲಕ್ಕಿ ಹೆಂಗಸಿನ ಹೆಸರಲ್ಲಿ ಆ ಕಾಲದ ಒಂದು ಚೀಟಿ ಎಲ್ಲಿಂದ ಬರಬೇಕು? ಅವಳ ಹೆಸರಲ್ಲಿ ಪಹಣಿ ಇಲ್ಲ, ಶಾಲೆಯ ಸರ್ಟಿಫಿಕೇಟ್ ಇಲ್ಲ, ಜನನ ನೋಂದಣಿ ಇಲ್ಲ. ಸುಕ್ರಜ್ಜಿ ಹುಟ್ಟಿದ್ದೇ 1930ರ ದಶಕದ ಕೊನೆಯ ಭಾಗದಲ್ಲಿ ಎಂಬ ಲೆಕ್ಕ ಇದೆ. ಅಂದರೆ ಸಮುದಾಯದ ಅತಿ ಹಿರಿಯ ನೆನಪು ಅನಿಸಿಕೊಂಡ ಅಜ್ಜಿಗೂ ಈ ಕಾಯ್ದೆ ಕೇಳುವ ವರ್ಷದ ಸ್ವಂತ ನೆನಪು ಇರುವುದು ಸಾಧ್ಯವಿರಲಿಲ್ಲ. ಆ ವರ್ಷದಿಂದ ಅವರಿಗೆ ಬಂದಿರಬಹುದಾದ ಆಸ್ತಿ ಒಂದೇ: ಅಮ್ಮನ ಹಾಡು.

ಉತ್ತರ ಕನ್ನಡದಲ್ಲಿ ಸಲ್ಲಿಕೆಯಾದ ಅರಣ್ಯ ಹಕ್ಕು ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾಗಿವೆ. ಮುಖ್ಯ ಕಾರಣ ಇದೇ 75 ವರ್ಷದ ದಾಖಲೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕೃತ ಅರ್ಜಿದಾರರನ್ನು ಒಕ್ಕಲೆಬ್ಬಿಸಲು ಆದೇಶಿಸಿ, ದೇಶದಾದ್ಯಂತ ಗದ್ದಲವಾದ ಮೇಲೆ ಅದೇ ತಿಂಗಳ 28ರಂದು ತಡೆ ಕೊಟ್ಟಿತು. ಕತ್ತಿ ತೂಗುತ್ತಲೇ ಇದೆ.

ಹಾಗಾದರೆ ಕಾಯ್ದೆ ಬರೀ ಕಾಗದವನ್ನೇ ಕೇಳುತ್ತದೆಯೇ? ಇಲ್ಲ. ನಮ್ಮಲ್ಲಿ ಹೆಚ್ಚಿನವರು ಓದದೇ ಬಿಡುವ ಭಾಗ ಇದು. ಕಾಯ್ದೆಯ 13ನೇ ನಿಯಮ ಯಾವುದೆಲ್ಲ ಸಾಕ್ಷ್ಯ ಅಂತ ಪಟ್ಟಿ ಕೊಡುತ್ತದೆ. ಗೆಝೆಟಿಯರ್, ಜನಗಣತಿ, ಸರ್ವೆ ದಾಖಲೆಗಳು ಇವೆ, ಸರಿ. ಜೊತೆಗೆ ಬಾವಿ, ಸ್ಮಶಾನ, ದೇವರ ಬನದಂಥ ಹಳೆಯ ಗುರುತುಗಳು ಇವೆ. ಹೆಸರಾಂತ ಸಂಸ್ಥೆಗಳು ಮಾಡಿದ, ರೂಢಿ ಸಂಪ್ರದಾಯಗಳ ದಾಖಲಾತಿ ಇದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಇಂಥದ್ದೇ ದಾಖಲೆ ಬೇಕು ಅಂತ ಉಪವಿಭಾಗ ಮತ್ತು ಜಿಲ್ಲಾ ಸಮಿತಿಗಳು ಪಟ್ಟು ಹಿಡಿಯುವಂತಿಲ್ಲ ಅನ್ನುತ್ತದೆ.

ಅಂದರೆ ಕಾನೂನಿನಲ್ಲಿ ಬಾಗಿಲು ತೆರೆದೇ ಇದೆ. ಮುಚ್ಚಿರುವುದು ಕಚೇರಿಯಲ್ಲಿ. ಕುಮಟಾ, ಅಂಕೋಲೆಯ ಅರ್ಜಿಗಳು ಕುಮಟಾದ ಉಪವಿಭಾಗ ಸಮಿತಿಗೆ, ಹೊನ್ನಾವರ, ಭಟ್ಕಳದವು ಭಟ್ಕಳದ ಸಮಿತಿಗೆ ಹೋಗುತ್ತವೆ. ಅಲ್ಲಿ ಟೇಬಲ್ಲಿನ ಮೇಲೆ ಕಾಗದ ಕಂಡರೆ ಅದು ದಾಖಲೆ, ಅಜ್ಜಿ ಬಾಯಿ ತೆರೆದರೆ ಅದು ಕತೆ.

ಇನ್ನೊಂದು ವ್ಯಂಗ್ಯ ಕೇಳಿ. 1883ರ ಮುಂಬೈ ಪ್ರಾಂತ್ಯದ ಗೆಝೆಟಿಯರಿನ ಕೆನರಾ ಸಂಪುಟದಲ್ಲಿ ಹಾಲಕ್ಕಿಗಳ ವಿವರ ಇದೆ. ಬ್ರಿಟಿಷ್ ಅಧಿಕಾರಿ ಹೊರಗಿನಿಂದ ನೋಡಿ ಬರೆಸಿದ್ದು ನಮಗೆ ಪ್ರಮಾಣ. ಅದೇ ಜನ ತಮ್ಮ ಬಗ್ಗೆ ತಾವೇ ಹಾಡಿಕೊಂಡದ್ದು ಮನರಂಜನೆ.

ಒಬ್ಬ ನ್ಯಾಯಾಧೀಶ, ಒಂದು ಹಾಡು

ನೆಲದ ಮೊಕದ್ದಮೆಯಲ್ಲಿ ಹಾಡನ್ನು ಸಾಕ್ಷಿಯಾಗಿ ತಂದದ್ದು ಬೇರೆ ಕಡೆ ನಡೆದಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟ್‌ಎನ್ ಎಂಬ ಎರಡು ಮೂಲನಿವಾಸಿ ಸಮುದಾಯಗಳು ತಮ್ಮ ನೆಲದ ಹಕ್ಕಿಗಾಗಿ ಮೊಕದ್ದಮೆ ಹೂಡಿದವು. ಡೆಲ್ಗಮೂಕ್ ಪ್ರಕರಣ ಅಂತಲೇ ಅದು ಪ್ರಸಿದ್ಧ. ವಿಚಾರಣೆ ಶುರುವಾದದ್ದು 1987ರಲ್ಲಿ. ಅವರ ಬಳಿಯೂ ಪಹಣಿ ಇರಲಿಲ್ಲ. ಇದ್ದದ್ದು ಮನೆತನದ ಕತೆಗಳು, ಅವುಗಳೊಂದಿಗೆ ಬಂದ ಹಾಡುಗಳು. ಮೇರಿ ಜಾನ್ಸನ್ ಎಂಬ ಗಿಟ್‌ಕ್ಸಾನ್ ಹಿರಿಯೆ ಕಟಕಟೆಯಲ್ಲಿ ನಿಂತು ಹಾಡಲು ಹೊರಟಾಗ ನ್ಯಾಯಾಧೀಶರಿಗೆ ಮುಜುಗರವಾಯಿತು. ತಮ್ಮ ಕಿವಿಗೆ ಸಂಗೀತ ಹತ್ತುವುದಿಲ್ಲ, ಹಾಡಿ ಪ್ರಯೋಜನವಿಲ್ಲ ಎಂಬರ್ಥದ ಮಾತಾಡಿದರು. ಆಕೆ ಹಾಡಿದರು. 1991ರಲ್ಲಿ ತೀರ್ಪು ಆಕೆಯ ಜನರ ವಿರುದ್ಧ ಬಂತು.

1997ರ ಡಿಸೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗಿಟ್ಟಿತು. ಬರಹದ ದಾಖಲೆ ಇಟ್ಟುಕೊಳ್ಳದ ಸಮುದಾಯಗಳ ಬಾಯಿಮಾತಿನ ಚರಿತ್ರೆಗೆ ಕೋರ್ಟುಗಳು ಬರಹದ ದಾಖಲೆಗೆ ಸಮನಾದ ಸ್ಥಾನ ಕೊಡಬೇಕು ಎಂಬುದು ಅದರ ತಿರುಳು. ಹೊಸದಾಗಿ ವಿಚಾರಣೆ ನಡೆಸಿ ಅಂದಿತು. ಅದರಿಂದ ಎಲ್ಲ ನೆಲವೂ ಮರಳಿ ಬಂತು ಅಂತಲ್ಲ, ಜಗಳ ಇನ್ನೂ ಇದೆ. ಆದರೆ ಒಂದು ತತ್ವ ಗಟ್ಟಿಯಾಯಿತು: ಕೇಳಿಸಿಕೊಳ್ಳಲು ಬಾರದ ಕಿವಿ ಹಾಡಿನ ದೋಷವಲ್ಲ.

ನಮ್ಮ ನಿಯಮದಲ್ಲಿ ಹಿರಿಯರ ಹೇಳಿಕೆಗೆ ಜಾಗ ಇರುವುದು ನಿಜ. ಆದರೂ ನಮ್ಮ ಕಚೇರಿಗಳ ಕಿವಿ 1991ರಲ್ಲೇ ನಿಂತಿದೆ.

ಮಣಿಸರವೇ ದಾಖಲೆ ಆದಾಗ

‘ಎಸ್‌ಟಿ ಪಟ್ಟಿಗೆ ಸೇರಿಸಿಬಿಟ್ಟರೆ 1930ರ ಗೋಡೆಯೇ ಇರುವುದಿಲ್ಲವಲ್ಲ’ ಅನ್ನಬಹುದು. ನಿಜ, ಆ ಬೇಡಿಕೆ ನ್ಯಾಯವಾದದ್ದು. ರಾಜ್ಯ ಸರ್ಕಾರ ಶಿಫಾರಸು ಮಾಡಿದ್ದೂ ಆಗಿದೆ. ಆದರೆ ಆ ದಾರಿಯಲ್ಲಿ ಇರುವ ಇನ್ನೊಂದು ಬಲೆಯನ್ನು, ಮುಖ್ಯವಾಗಿ ಹೆಣ್ಣುಮಕ್ಕಳ ಕಣ್ಣಿಂದ, ನೋಡಬೇಕು.

ಪಟ್ಟಿಗೆ ಸೇರಿಸಲು ರಾಜ್ಯದ ಶಿಫಾರಸು, ಭಾರತದ ರಿಜಿಸ್ಟ್ರಾರ್ ಜನರಲ್ ಒಪ್ಪಿಗೆ, ರಾಷ್ಟ್ರೀಯ ಪರಿಶಿಷ್ಟ ಪಂಗಡ ಆಯೋಗದ ಒಪ್ಪಿಗೆ, ಆಮೇಲೆ ಸಂಸತ್ತಿನ ಕಾನೂನು, ಇಷ್ಟು ಮೆಟ್ಟಿಲು. ಅಳತೆಗೋಲು ಮಾತ್ರ 1965ರ ಲೋಕೂರ್ ಸಮಿತಿಯದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕವಾಗಿ ಪ್ರತ್ಯೇಕವಾಗಿರುವುದು, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಈ ‘ಆದಿಮ’, ‘ವಿಶಿಷ್ಟ’ಗಳನ್ನು ಅಧಿಕಾರಿಗಳು ಎಲ್ಲಿ ಹುಡುಕುತ್ತಾರೆ? ಗಂಡಸು ಪ್ಯಾಂಟು ಶರ್ಟು ಹಾಕಿಕೊಂಡು ದಶಕಗಳಾದವು. ಉಳಿದದ್ದು ಹೆಂಗಸು. ಅವಳ ಮಣಿಸರ, ರವಿಕೆ ಇಲ್ಲದ ಸೀರೆ, ಅವಳ ಹಾಡು. ಸಮುದಾಯದ ಅರ್ಜಿಗೆ ಹೆಣ್ಣಿನ ಮೈಯೇ ಲಗತ್ತು.

ಅಂಕೋಲೆ, ಕುಮಟೆಯ ಪೇಟೆಯಲ್ಲಿ ತರಕಾರಿ ಬುಟ್ಟಿ ಇಟ್ಟುಕೊಂಡು ಕೂರುವ ಅಜ್ಜಿ ಆ ಮಣಿಸರ ತೊಟ್ಟಿರುತ್ತಾಳೆ. ಅವಳ ಮೊಮ್ಮಗಳು ಚೂಡಿದಾರ ಹಾಕಿ ಡಿಗ್ರಿ ಕಾಲೇಜಿಗೆ ಬಸ್ಸು ಹತ್ತುತ್ತಾಳೆ. ಈಗ ಲೆಕ್ಕ ಹಾಕಿ. ಮೊಮ್ಮಗಳು ಓದಿದಷ್ಟೂ ‘ಇವರಲ್ಲಿ ಆದಿಮ ಲಕ್ಷಣ ಎಲ್ಲಿದೆ’ ಎಂಬ ವಾದಕ್ಕೆ ಬಲ. ಅಜ್ಜಿಯ ಹಾಗೇ ಇದ್ದರೆ ಓದು, ಕೆಲಸ ಎಲ್ಲಿಂದ? ಹಕ್ಕು ಬೇಕಾದರೆ ಬದಲಾಗಬೇಡ, ಬದಲಾದರೆ ಹಕ್ಕು ಇಲ್ಲ. ಯಾವ ಮೇಲ್ಜಾತಿಯ ಕುಟುಂಬಕ್ಕೂ ‘ನಿಮ್ಮ ಅಜ್ಜಿಯ ಹಾಗೇ ಉಡುತ್ತೀರಾ’ ಅಂತ ಕೇಳಿ ಯಾರೂ ಜಮೀನಿನ ಖಾತೆ ಬದಲಿಸಿಲ್ಲ.

ಹಾಡನ್ನು ‘ವಿಶಿಷ್ಟ ಸಂಸ್ಕೃತಿ’ಯ ಪ್ರದರ್ಶನ ಅಂತ ಇಡುವುದಕ್ಕೂ, ಸಾಕ್ಷಿ ಅಂತ ಇಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಪ್ರದರ್ಶನಕ್ಕೆ ಹಾಡುವವಳು ಹಳೆಯ ಉಡುಗೆಯಲ್ಲೇ ಇರಬೇಕು. ಸಾಕ್ಷಿಗೆ ಆ ಷರತ್ತಿಲ್ಲ. ಜೀನ್ಸ್ ತೊಟ್ಟ ಮೊಮ್ಮಗಳೂ ಅಜ್ಜಿಯ ಹಾಡು ಎಲ್ಲಿಯದು, ಯಾರಿಂದ ಬಂತು ಅಂತ ಹೇಳಿಕೆ ಬರೆಸಬಹುದು.

ಹಾಡಿನಲ್ಲಿ ಸರ್ವೆ ನಂಬರ್ ಇರುತ್ತದೆಯೇ?

ಆಕ್ಷೇಪಗಳನ್ನೂ ಎದುರಿಸೋಣ. ಹಾಡು ಊರಿಂದೂರಿಗೆ ಹೋಗುತ್ತದೆ, ಮದುವೆಯಾಗಿ ಬಂದ ಸೊಸೆಯ ಜೊತೆ ಬರುತ್ತದೆ, ಪದ ಬದಲಾಗುತ್ತದೆ. ಒಂದು ಹಾಡು ಇದೆ ಅಂದ ಮಾತ್ರಕ್ಕೆ ಈ ಎರಡೆಕರೆ ಇವರದ್ದು ಅಂತ ಹೇಗೆ ಹೇಳುವುದು? ನ್ಯಾಯವಾದ ಪ್ರಶ್ನೆಯೇ.

ಮೊದಲನೆಯದಾಗಿ, ಕಾಯ್ದೆ ಕೇಳುವುದೂ ಅದನ್ನಲ್ಲ. ಇದೇ ತುಂಡು ಜಮೀನನ್ನು 75 ವರ್ಷದಿಂದ ಉತ್ತಿದ್ದಕ್ಕೆ ರಸೀತಿ ಕೊಡಿ ಅಂತ ಅದು ಹೇಳುವುದಿಲ್ಲ. ಮೂರು ತಲೆಮಾರಿನಿಂದ ಅಲ್ಲಿ ವಾಸವಿದ್ದು ಕಾಡನ್ನು ನೆಚ್ಚಿ ಬದುಕಿದ್ದಾರೆಯೇ ಅನ್ನುವುದು ಪ್ರಶ್ನೆ. ಸೊಪ್ಪು, ದರಕು, ಬೆಟ್ಟದ ದಾರಿ, ಹೊಳೆ, ದೇವರ ಜಾಗ, ಯಾವ ತಿಂಗಳಲ್ಲಿ ಯಾವ ಕೆಲಸ, ಇಂಥ ಸಂಗತಿಗಳಿಗೆ ಕೆಲಸದ ಹಾಡಿಗಿಂತ ಒಳ್ಳೆಯ ದಾಖಲೆ ಯಾವುದು? ಎರಡನೆಯದಾಗಿ, ಯಾವ ಸಾಕ್ಷ್ಯವೂ ಒಂಟಿಯಾಗಿ ನಿಲ್ಲಬೇಕಾಗಿಲ್ಲ. ಒಂದಕ್ಕಿಂತ ಹೆಚ್ಚು ಸಾಕ್ಷ್ಯಗಳನ್ನು ಜೊತೆಗಿಟ್ಟು ನೋಡಿ ಅನ್ನುತ್ತದೆ ನಿಯಮ. ಗೆಝೆಟಿಯರಿನ ಸಮುದಾಯ ವಿವರ, ಊರಿನ ಸ್ಮಶಾನ, ಹಿರಿಯಳ ಹೇಳಿಕೆ, ಅವಳ ಧ್ವನಿಮುದ್ರಿತ ಹಾಡು, ಎಲ್ಲ ಸೇರಿದರೆ ಅದು ಗಟ್ಟಿ ಕಡತ. ಮೂರನೆಯದಾಗಿ, ಸುಳ್ಳು ಹೇಳಿಕೆ ಬರಬಹುದು ಎಂಬ ಭಯ. ಸುಳ್ಳು ಪಹಣಿ, ತಿದ್ದಿದ ಖಾತೆ ಈ ರಾಜ್ಯದಲ್ಲಿ ಇಲ್ಲವೇ? ಕಾಗದ ಸುಳ್ಳು ಹೇಳಿದಾಗ ಆ ಕಾಗದವನ್ನು ತಿರಸ್ಕರಿಸುತ್ತೇವೆಯೇ ಹೊರತು ಕಾಗದವನ್ನೇ ನಿಷೇಧಿಸುವುದಿಲ್ಲ.

ಹಾಡಿಗೆ ಜಾಗ ಕೊಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಗೇರುಸೊಪ್ಪೆಯ ಬಳಿ 2000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ವಿರೋಧ ಎದ್ದಿದೆ. ಕಾಸರಕೋಡ ಟೊಂಕದಲ್ಲಿ ಬಂದರಿನ ವಿರುದ್ಧ ಮೀನುಗಾರ ಹೆಂಗಸರು ವರ್ಷಗಳಿಂದ ನಿಂತಿದ್ದಾರೆ. ಅಂಕೋಲೆಯ ಕೇಣಿಯಲ್ಲಿ ಇನ್ನೊಂದು ಬಂದರಿನ ಗಲಾಟೆ. ಯೋಜನೆ ಬಂದಾಗ ಕಂಪನಿಯ ಕೈಯಲ್ಲಿ ನಕ್ಷೆ ಇರುತ್ತದೆ, ವರದಿ ಇರುತ್ತದೆ. ಊರಿನವರ ಕೈಯಲ್ಲಿ ನೆನಪು ಮಾತ್ರ. ದಾಖಲೆ ಇಲ್ಲದವರು ಪರಿಹಾರದ ಪಟ್ಟಿಯಲ್ಲೂ ಇರುವುದಿಲ್ಲ.

ನಾವು ಏನು ಮಾಡಬಹುದು

ಸರ್ಕಾರ ಮಾಡಬೇಕಾದದ್ದು ಸ್ಪಷ್ಟ. ತಿರಸ್ಕೃತ ಅರ್ಜಿಗಳ ಮರುಪರಿಶೀಲನೆ ಮಾಡುವಾಗ 13ನೇ ನಿಯಮವನ್ನು ಪೂರ್ತಿ ಓದಬೇಕು. ಆಕಾಶವಾಣಿಯಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಇರುವ ಹಾಲಕ್ಕಿ ಹಾಡುಗಳ ಧ್ವನಿಮುದ್ರಣಗಳನ್ನು ಊರು, ಹಾಡಿದವರ ಹೆಸರು, ವರ್ಷದ ಸಮೇತ ಆಯಾ ಗ್ರಾಮಸಭೆಗಳಿಗೆ ಪ್ರತಿ ಮಾಡಿ ಕೊಡಬೇಕು. ಸಾರ್ವಜನಿಕ ದುಡ್ಡಲ್ಲಿ ಮುದ್ರಿಸಿಕೊಂಡದ್ದು ಅದು. ಹೆಸರಾಂತ ಸಂಸ್ಥೆಗಳ ದಾಖಲಾತಿ ಅಂತ ನಿಯಮ ಹೇಳುವುದು ಇಂಥದ್ದನ್ನೇ.

ಕುಮಟಾ, ಹೊನ್ನಾವರ, ಭಟ್ಕಳದ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ಓದುಗರಿಗೂ ಒಂದು ಕೆಲಸ ಇದೆ. ಮನೆಯಲ್ಲಿ, ಪಕ್ಕದ ಕೊಪ್ಪದಲ್ಲಿ ಹಾಡು ಬರುವ ಅಜ್ಜಿ ಇದ್ದರೆ ಫೋನ್ ತೆಗೆಯಿರಿ. ರೀಲ್ಸ್‌ಗಲ್ಲ. ಅಜ್ಜಿಯ ಪೂರ್ತಿ ಹೆಸರು, ಅವರ ಅಮ್ಮನ ಹೆಸರು, ತವರೂರು, ಹಾಡು ಯಾವ ಕೆಲಸದ್ದು, ಯಾವ ಗದ್ದೆ ಬೆಟ್ಟದ್ದು, ಯಾರಿಂದ ಕಲಿತದ್ದು, ಇವನ್ನು ಅವರ ಬಾಯಲ್ಲೇ ಹೇಳಿಸಿ. ದಿನಾಂಕ ಹೇಳಿ. ಅಜ್ಜಿ ಒಪ್ಪಿದರೆ ಒಂದು ಪ್ರತಿಯನ್ನು ಗ್ರಾಮದ ಅರಣ್ಯ ಹಕ್ಕು ಸಮಿತಿಗೆ ಬರಹದ ಹೇಳಿಕೆಯ ಜೊತೆ ಕೊಡಿ, ಸ್ವೀಕೃತಿ ಪಡೆಯಿರಿ. ಹಾಡು ಅಜ್ಜಿಯದ್ದು, ನಿಮ್ಮದಲ್ಲ ಅನ್ನುವುದು ನೆನಪಿರಲಿ.

ಸುಕ್ರಜ್ಜಿಯ ಹೆಸರಲ್ಲಿ ಸ್ಮಾರಕ, ಪ್ರಶಸ್ತಿ, ಉತ್ಸವ ಬರಬಹುದು. ಬರಲಿ. ಅಲ್ಲಿ ಭಾಷಣ ಮಾಡುವವರಿಗೆ ಒಂದು ಪ್ರಶ್ನೆ ಕೇಳುವುದನ್ನು ಮರೆಯಬೇಡಿ: ಅಜ್ಜಿಯ ಹಾಡನ್ನು ನಿಮ್ಮ ಉಪವಿಭಾಗ ಸಮಿತಿ ಸಾಕ್ಷಿ ಅಂತ ಒಪ್ಪುತ್ತದೆಯೇ, ಇಲ್ಲವೇ? ಒಪ್ಪುವುದಿಲ್ಲ ಅಂದರೆ, ಆ ಪದಕವನ್ನು ಕೊಟ್ಟದ್ದು ಯಾವುದಕ್ಕೆ ಅಂತ ಅವರೇ ಹೇಳಲಿ.